ಟ್ರೂಸಮ್ಮನ ಹೂದಾನಿ ಮತ್ತು ಅತ್ತೆಯವರ ಕೊಬ್ಬರಿ ಎಣ್ಣೆ

ಹೋದ ತಿಂಗಳು ಇಲ್ಲಿ ಡಚ್ ನಾಡಿನ ಟಿಲ್‌ಬರ್ಗ್‌ನಲ್ಲಿ ಗೆಳತಿಯೊಬ್ಬಳ ಮನೆಗೆ ಸತ್ಯನಾರಾಯಣ ಪೂಜೆಗೆ ಹೋಗಿದ್ದೆ. ಮಂಗಳಾರತಿ ಆಯಿತು, ಪ್ರಸಾದ ಆಯಿತು, ಪಾನಕದ ಲೋಟ ಕೈಗೆ ಬಂತು. ಹಸಿರು ಗಾಜು. ಕೊಂಚ ದಪ್ಪ, ಕೈಗೆ ಭಾರ. ನನಗೆ ತಡೆಯಲಾಗಲಿಲ್ಲ. ಲೋಟವನ್ನು ತಿರುಗಿಸಿ ತಳ ನೋಡಿದೆ. ಒಳಗೆ ಪಾನಕ ಇತ್ತೆನ್ನುವುದು ಅದು ನನ್ನ ಸೀರೆಯ ನೆರಿಗೆಯೊಳಕ್ಕೆ ಇಳಿದ ಮೇಲೆ ನೆನಪಾಯಿತು. ಗೆಳತಿ ಟಿಶ್ಯೂ ಕೊಡುತ್ತಾ, "ಅದು ಸೂಪರ್‌ಮಾರ್ಕೆಟ್‌ದು ಕಣೆ. ಕೇಳಿದ್ದಿದ್ರೆ ನಾನೇ ಹೇಳ್ತಿದ್ದೆ" ಎಂದಳು.

ಬೇರೆಯವರ ಮನೆಗೆ ಹೋದಾಗ ನೀವೆಲ್ಲ ಏನು ನೋಡುತ್ತೀರೋ ನನಗೆ ಗೊತ್ತಿಲ್ಲ. ಕೆಲವರು ಪರದೆ ನೋಡುತ್ತಾರೆ, ಕೆಲವರು ಅಡುಗೆಮನೆ ನೋಡುತ್ತಾರೆ, ನಮ್ಮ ಯಜಮಾನರು ಶ್ರೀಧರ ವೈಫೈ ಪಾಸ್‌ವರ್ಡ್ ಎಲ್ಲಿ ಬರೆದಿದೆಯೆಂದು ನೋಡುತ್ತಾರೆ. ನಾನು ತಳ ನೋಡುತ್ತೇನೆ. ಹೂದಾನಿ, ಬಟ್ಟಲು, ಆಶ್‌ಟ್ರೇ, ಯಾವುದಾದರೂ ಸರಿ, ಗಾಜಿನದಾದರೆ ಸಾಕು. ತಳಬುಡ ಇಲ್ಲದ ಮಾತು ಎಂದು ನಮ್ಮಲ್ಲಿ ಬೈಯುತ್ತಾರಲ್ಲ, ಗಾಜಿಗೆ ಆ ಬೈಗುಳ ಅಕ್ಷರಶಃ ಸಲ್ಲುತ್ತದೆ. ಎಪ್ಪತ್ತು ವರ್ಷದ ಹಿಂದೆ ಸ್ವೀಡನ್ನಿನಲ್ಲೋ ಫಿನ್‌ಲ್ಯಾಂಡಿನಲ್ಲೋ ಕುಶಲಕರ್ಮಿಯೊಬ್ಬ ಉಸಿರೂದಿ ಮಾಡಿದ ಹೂದಾನಿಗೂ, ನಿನ್ನೆ ಯಂತ್ರದಿಂದ ಉದುರಿದ ಹೂದಾನಿಗೂ ಇರುವ ವ್ಯತ್ಯಾಸ ಹೆಚ್ಚಾಗಿ ಬುಡದಲ್ಲೇ ಬಚ್ಚಿಟ್ಟುಕೊಂಡಿರುತ್ತದೆ.

ನಾನು ಇಂಥ ಮನೆತನದಿಂದ ಬಂದವಳಲ್ಲ. ಬೆಂಗಳೂರಿನ ರಾಜಾಜಿನಗರದ ನಮ್ಮ ಮನೆಯ ಹಾಲಿನಲ್ಲಿ ಒಂದು ಶೋಕೇಸು ಇತ್ತು. ತಲೆಯಾಡಿಸುವ ಗೊಂಬೆ, ಅಮೃತಶಿಲೆಯ ಪುಟ್ಟ ತಾಜಮಹಲು, ಕತ್ತು ಮುರಿದು ಅಂಟಿಸಿದ ಗಾಜಿನ ಹಂಸ, ಇಷ್ಟೇ ನಮ್ಮ ಕಲಾಸಂಗ್ರಹ. ನಿಜವಾದ ಗಾಜೆಲ್ಲ ಅಟ್ಟದ ಮೇಲಿತ್ತು. ಅದರ ಹೆಸರು ಲೆಮನ್ ಸೆಟ್. ನಿಮಗೂ ನೆನಪಿರಬೇಕು: ಒಂದು ಜಗ್ಗು, ಆರು ಲೋಟ, ಮೈಮೇಲೆ ಕಿತ್ತಳೆ ಬಣ್ಣದ ದೊಡ್ಡ ದೊಡ್ಡ ಹೂ. ಯಾರ ಮದುವೆಗೆ ಹೋದರೂ ಜನ ಅದನ್ನೇ ಕೊಡುತ್ತಿದ್ದರು. ನಮಗೆ ಬಂದದ್ದನ್ನು ಅಮ್ಮ ಹೊಸ ಬಣ್ಣದ ಕಾಗದ ಸುತ್ತಿ ಮುಂದಿನ ಮದುವೆಗೆ ದಾಟಿಸುತ್ತಿದ್ದಳು. ಅದರಲ್ಲಿ ಯಾರೂ ನಿಂಬೆಹಣ್ಣಿನ ಪಾನಕ ಕುಡಿದದ್ದನ್ನು ನಾನು ಕಂಡಿಲ್ಲ. ಒಮ್ಮೆ ನಮ್ಮ ಮನೆಯಿಂದ ಹೋದ ಸೆಟ್ಟೇ ಊರೆಲ್ಲ ತಿರುಗಿ, ತಂಗಿಯ ನಾಮಕರಣಕ್ಕೆ ಮತ್ತೆ ನಮ್ಮಲ್ಲಿಗೆ ಬಂತು. ರಟ್ಟಿನ ಡಬ್ಬಿಯ ಮೂಲೆಯಲ್ಲಿದ್ದ ಅರಿಶಿನದ ಕಲೆಯಿಂದ ಅಮ್ಮ ಗುರುತು ಹಿಡಿದಳು. ಕೊಟ್ಟ ಮಗಳು ಬಾಣಂತನಕ್ಕೆ ಬಂದಂತೆ ಅದನ್ನು ಒಳಗೆ ಕರೆದುಕೊಂಡಳು. ಗಾಜೆಂದರೆ ಕೊಡುವ ವಸ್ತು, ಇಟ್ಟುಕೊಳ್ಳುವ ವಸ್ತುವಲ್ಲ ಎಂದು ತಿಳಿದೇ ನಾನು ಬೆಳೆದದ್ದು.

ಈ ದೇಶದ ರೈಸ್‌ವೈಕ್‌ಗೆ ಬಂದ ಮೇಲೆ ಬುದ್ಧಿ ಕೆಟ್ಟಿತು. ಇಲ್ಲಿ ಕ್ರಿಂಗ್‌ಲೋಪ್ ಎಂಬ ಅಂಗಡಿಗಳಿವೆ. ಜನ ತಮಗೆ ಬೇಡವಾದದ್ದನ್ನು ತಂದು ಸುರಿದು ಹೋಗುತ್ತಾರೆ, ಬೇಕಾದವರು ಅಗ್ಗಕ್ಕೆ ಎತ್ತಿಕೊಂಡು ಹೋಗುತ್ತಾರೆ. ಸೌಟು ನಿಲ್ಲಿಸುವುದಕ್ಕೆಂದು ನಾನು ಅಲ್ಲಿಂದ ಒಂದು ಗಾಜಿನ ಕಂಬದಂಥದ್ದನ್ನು ತಂದೆ. ಮೈಯೆಲ್ಲ ಮರದ ತೊಗಟೆಯ ಹಾಗೆ ಒರಟು. ಒಂದು ದಿನ ಆಫೀಸಿನ ಡಚ್ ಸಹೋದ್ಯೋಗಿಯೊಬ್ಬ ಬಿಸಿಬೇಳೆ ಬಾತ್ ತಿನ್ನಲು ಬಂದ. ಬಂದವನು ಅದನ್ನು ಕಂಡು, ಸೌಟುಗಳನ್ನೆಲ್ಲ ಒಂದೊಂದಾಗಿ ಹೊರಗಿಟ್ಟು, ತಿರುಗಿಸಿ, ತಳದಲ್ಲಿ ಸೂಜಿಯಿಂದ ಗೀಚಿದಂತಿದ್ದ ಸಹಿಯನ್ನು ತೋರಿಸಿದ. ಫಿನ್‌ಲ್ಯಾಂಡಿನದು, ಸುಟ್ಟ ಮರದ ಅಚ್ಚಿನೊಳಗೆ ಊದಿದ್ದು, ಇದರಲ್ಲಿ ಸೌಟು ಇಡುವುದು ಪಾಪ ಎಂದ. ಆ ದಿನದಿಂದ ನಮ್ಮ ಸೌಟುಗಳು ಅನಾಥವಾದವು, ನಾನು ಪಂಡಿತೆಯಾದೆ.

ನನ್ನ ಪಾಂಡಿತ್ಯವನ್ನು ಸ್ವಲ್ಪ ಕೇಳಿಸಿಕೊಳ್ಳಿ. ಬಾಯಿಂದ ಊದಿ ಮಾಡಿದ ಗಾಜನ್ನು ಕೊನೆಗೆ ಕಬ್ಬಿಣದ ಸಲಾಕೆಯಿಂದ ಮುರಿದು ಬಿಡಿಸುತ್ತಾರೆ. ಮಗುವಿಗೆ ಹೊಕ್ಕುಳ ಉಳಿದ ಹಾಗೆ ಅದಕ್ಕೂ ಬುಡದಲ್ಲಿ ಒಂದು ಗಾಯ ಉಳಿಯುತ್ತದೆ. ಒಳ್ಳೆಯ ಕಾರ್ಖಾನೆಯವರು ಅದನ್ನು ಸಾಣೆ ಹಿಡಿದು ನಾಣ್ಯದಷ್ಟಗಲ ನುಣ್ಣಗೆ ಮಾಡುತ್ತಾರೆ. ಅಚ್ಚಿನಲ್ಲಿ ಒತ್ತಿ ಮಾಡಿದ ಅಗ್ಗದ ಗಾಜಿಗೆ ಹೊಕ್ಕುಳಿಲ್ಲ. ಬದಲಿಗೆ ಎರಡೂ ಪಕ್ಕೆಯಲ್ಲಿ ಹೊಲಿಗೆಯಂಥ ಸಣ್ಣ ಗೆರೆ ಇರುತ್ತದೆ. ಕೆಲವಕ್ಕೆ ಸಹಿ ಇರುತ್ತದೆ, ಕೆಲವಕ್ಕೆ ಬರೀ ಕಾಗದದ ಚೀಟಿ. ಆ ಚೀಟಿ ಉಳಿದಿದ್ದರೆ ಬೆಲೆ ಒಮ್ಮೆಗೇ ಮೇಲೇರುತ್ತದೆ. ಬೆಲೆ ಕಟ್ಟುವ ಕ್ರಮ ನಮ್ಮ ಹಿರಿಯರು ಹೆಣ್ಣು ನೋಡುತ್ತಿದ್ದ ಕ್ರಮವೇ: ಬಣ್ಣ ಯಾವುದು, ಎತ್ತರ ಎಷ್ಟು, ಯಾವ ಮನೆತನ, ಎಲ್ಲಾದರೂ ಊನ ಇದೆಯೆ, ಹಿಂದೆ ಯಾರ ಮನೆಯಲ್ಲಿತ್ತು.

ನೇರಳೆ ಬೆಳಕಿನ ಟಾರ್ಚು ಬಿಟ್ಟರೆ ಕೆಲವು ಹಳೆಯ ಗಾಜು ಹೊಳೆಯುತ್ತದೆಂದು ಓದಿ, ಅದನ್ನೂ ತರಿಸಿದೆ. ದೀಪವೆಲ್ಲ ಆರಿಸಿ ಮನೆಯ ಗಾಜಿಗೆಲ್ಲ ಬಿಟ್ಟು ನೋಡಿದರೆ, ಹೊಳೆದದ್ದು ಬಟ್ಟೆಸೋಪಿನ ಕೃಪೆಯಿಂದ ಶ್ರೀಧರನ ಬನಿಯನ್ ಒಂದೇ. ಇನ್ನೊಮ್ಮೆ ಕನ್ನಡದವರ ಸಂಕ್ರಾಂತಿ ಕೂಟದಲ್ಲಿ ಗೃಹಿಣಿಯೊಬ್ಬರ ದಪ್ಪ ಗಾಜಿನ ಬಟ್ಟಲನ್ನು ಹಿಡಿದು, ಡೆನ್ಮಾರ್ಕ್, ಅರವತ್ತರ ದಶಕ, ಜೋಪಾನ ಎಂದು ತೀರ್ಪು ಕೊಟ್ಟೆ. ಅದು ಸುವಾಸನೆಯ ಮೇಣದಬತ್ತಿ ಉರಿದು ಮುಗಿದ ಮೇಲೆ ಉಳಿದ ಡಬ್ಬಿ ಎಂದು ಆಕೆಯ ಮಗಳು ಡಚ್ ಭಾಷೆಯಲ್ಲಿ ಸಭೆಗೆ ತಿಳಿಸಿದಳು. ಆದರೂ ನೋಡಿ, ಪಂಡಿತರೆಂಬ ಹೆಸರು ಒಮ್ಮೆ ಬಂದರೆ ಸುಲಭವಾಗಿ ಹೋಗುವುದಿಲ್ಲ. ಅದು ಪಕ್ಕದ ಮನೆಯವರೆಗೂ ಹೋಯಿತು.

ಪಕ್ಕದ ಮನೆಯಲ್ಲಿ ಇರುವವರು ಟ್ರೂಸ್. ಎಂಬತ್ತು ಸಮೀಪಿಸಿದವರು, ನೆಟ್ಟಗೆ ನಡೆಯುವವರು, ದಿನಾ ಬೆಳಿಗ್ಗೆ ಕಿಟಕಿಯ ಗಾಜು ಒರೆಸುವವರು. ಇಲ್ಲಿಯ ಪದ್ಧತಿಯಂತೆ ನಾನು ಅವರನ್ನು ಹೆಸರು ಹಿಡಿದೇ ಕರೆಯುತ್ತೇನೆ. ಇದು ನಮ್ಮ ಅತ್ತೆಯವರಿಗೆ ಸಹಿಸಲಾಗಲಿಲ್ಲ. ಅತ್ತೆ ಮೈಸೂರಿನವರು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು, ಈ ಕಥೆ ನಡೆದ ವಸಂತದಲ್ಲಿ ಮೂರು ತಿಂಗಳ ವೀಸಾದ ಮೇಲೆ ಬಂದಿದ್ದರು. ಅಷ್ಟು ವಯಸ್ಸಾದವರನ್ನು ಹಾಗೆ ಕರೆದರೆ ನಾಲಿಗೆ ಸೇದಿಹೋಗುತ್ತದೆ ಎಂದು ಹೇಳಿ, ತಾವು ಮೊದಲ ದಿನದಿಂದಲೇ ಟ್ರೂಸಮ್ಮ ಎಂದರು. ಟ್ರೂಸ್ ಅದನ್ನು ಇಷ್ಟಪಟ್ಟರು.

ಟ್ರೂಸಮ್ಮನ ಹತ್ತಿರ ಒಂದು ಹೂದಾನಿ ಇತ್ತು. ಒಳಗೆ ಹೊಗೆನೀಲಿ ಬಣ್ಣದ ಗಾಜು, ಅದರ ಸುತ್ತ ನೀರಿನಂಥ ತಿಳಿಯಾದ ದಪ್ಪ ಗಾಜು. ಅದರ ಕಥೆಯನ್ನು ಅವರು ಒಂದು ಸಂಜೆ ನಮ್ಮ ಮನೆಯ ಕಾಫಿ ಕುಡಿಯುತ್ತಾ ಹೇಳಿದರು. ಅವರ ತಂದೆ ಸರಕಿನ ಹಡಗಿನಲ್ಲಿ ಅಡುಗೆಯವರು. ಒಮ್ಮೆ ಸ್ವೀಡನ್ನಿನಿಂದ ಇಬ್ಬರು ಹೆಣ್ಣುಮಕ್ಕಳಿಗೆಂದು ಒಂದೇ ತರಹದ ಎರಡು ಹೂದಾನಿ ತಂದರಂತೆ. ಆದರೆ ಮನೆ ಸೇರುವ ಮೊದಲೇ ಒಂದು ಒಡೆದುಹೋಯಿತು. ಹೆಂಡತಿಗೆ ಹೆದರಿ, ಊರಿನ ಅಂಗಡಿಯಲ್ಲಿ ಅದೇ ತರಹದ ಅಗ್ಗದ್ದೊಂದನ್ನು ಕೊಂಡು ಜೋಡಿ ಮಾಡಿದರು. ಬಹಳ ವರ್ಷದ ಮೇಲೆ, ಯಾವುದೋ ಸಮಾರಂಭದಲ್ಲಿ ಒಂದು ಗ್ಲಾಸು ಹೆಚ್ಚಾದಾಗ, ಎರಡರಲ್ಲಿ ಒಂದು ಮಾತ್ರ ಸ್ವೀಡನ್ನಿನದು ಎಂದು ಬಾಯಿಬಿಟ್ಟರು. ಯಾವುದು ಎನ್ನುವುದನ್ನು ಮಾತ್ರ ಸಾಯುವವರೆಗೂ ಹೇಳಲಿಲ್ಲ.

ಅಕ್ಕ ರೀಟ್ ಇರುವುದು ಉತ್ತರದ ಗ್ರೋನಿಂಗನ್‌ನಲ್ಲಿ. ಅಕ್ಕತಂಗಿಯರ ನಡುವೆ ಬೇರೇನೂ ಜಗಳವಿಲ್ಲ. ಆದರೆ ಪ್ರತಿ ಹುಟ್ಟುಹಬ್ಬಕ್ಕೂ ಕೇಕು ಕತ್ತರಿಸಿದ ಕೂಡಲೇ ಹೂದಾನಿಯ ಮಾತು ಬರುತ್ತದೆ, ಅಲ್ಲಿಗೆ ಹುಟ್ಟುಹಬ್ಬ ಮುಗಿಯುತ್ತದೆ. ಟ್ರೂಸಮ್ಮನ ಬ್ರಹ್ಮಾಸ್ತ್ರ ಒಂದು ಚೀಟಿ. ಅವರ ಹೂದಾನಿಯ ಬುಡದ ಹತ್ತಿರ ಬೆಳ್ಳಿಬಣ್ಣದ ಒಂದು ಗುಂಡು ಕಾಗದ, ಅಕ್ಷರ ಅರ್ಧ ಮಾಸಿದ್ದರೂ ಸ್ವೀಡನ್ ಎಂದು ಓದಲು ಬರುತ್ತಿತ್ತು. ರೀಟ್‌ದಕ್ಕೆ ಚೀಟಿಯೇ ಇಲ್ಲ. ಅದಕ್ಕೆ ರೀಟ್ ಕೊಡುವ ಉತ್ತರವೂ ಸಿದ್ಧವಾಗಿತ್ತು: ಅಪ್ಪ ಅಡುಗೆಯವನು, ಮೈದಾಹಿಟ್ಟಿನ ಗೋಂದಿನಲ್ಲಿ ಏನನ್ನು ಎಲ್ಲಿಗೆ ಬೇಕಾದರೂ ಅಂಟಿಸಬಲ್ಲವನಾಗಿದ್ದ.

ಈ ಸಲ ರೀಟ್‌ಗೆ ಎಂಬತ್ತು ತುಂಬುತ್ತದೆ, ಅಷ್ಟರೊಳಗೆ ನೀನು ಇದನ್ನು ಪರೀಕ್ಷಿಸಿ ಒಂದು ಮಾತು ಹೇಳು, ಎಂದು ಟ್ರೂಸಮ್ಮ ಹೂದಾನಿಯನ್ನು ನನ್ನ ಕೈಗಿತ್ತರು. ನಾನು ಗಂಭೀರವಾಗಿ ತೆಗೆದುಕೊಂಡೆ. ಚೀಟಿ ಇದ್ದ ಮೇಲೆ ತಳವನ್ನೇನು ನೋಡುವುದು, ಶನಿವಾರ ನಿಧಾನವಾಗಿ ನೋಡಿದರಾಯಿತು ಎಂದು ಊಟದ ಮೇಜಿನ ಮೇಲಿಟ್ಟೆ. ಮಾರನೆಯ ದಿನ ಆಫೀಸಿಗೆ ಹೋದೆ.

ಇಲ್ಲಿ ಅತ್ತೆಯವರ ಒಂದು ಸಿದ್ಧಾಂತ ಹೇಳಬೇಕು. ಚೀಟಿ ಇರುವ ಪಾತ್ರೆ ಅಂಗಡಿಯದು, ಚೀಟಿ ಕಿತ್ತ ಮೇಲೆ ಮನೆಯದು. ಮೈಸೂರಿನಲ್ಲಿ ಹೊಸ ಸ್ಟೀಲ್ ಡಬ್ಬಿ ಬಂದರೆ ಅವರು ಮೊದಲು ಅದನ್ನು ಒಲೆಯ ಉರಿಗೆ ತೋರಿಸಿ ಚೀಟಿ ಎಬ್ಬಿಸುತ್ತಾರೆ, ಉಳಿದ ಅಂಟಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಾರೆ. ನಮ್ಮ ಮನೆಗೆ ಬಂದ ವಾರದಲ್ಲೇ ಫ್ರಿಜ್ಜಿನ ಮೇಲಿನ ವಿದ್ಯುತ್ ಖರ್ಚಿನ ಚೀಟಿ, ಟೀವಿಯ ಮೂಲೆಯ ಚೀಟಿ, ಸೇಬುಹಣ್ಣಿನ ಚೀಟಿ ಎಲ್ಲ ಹೋಗಿದ್ದವು. ನಾನಿದನ್ನು ಕಂಡೂ ಎಚ್ಚೆತ್ತುಕೊಳ್ಳಲಿಲ್ಲ.

ಸಂಜೆ ಬಂದಾಗ ಹೂದಾನಿ ಮೇಜಿನ ಮೇಲೆ ಲಕಲಕ ಹೊಳೆಯುತ್ತಿತ್ತು. ಅದನ್ನು ನೋಡಿ ನನಗೆ ಮೊದಲು ಸಂತೋಷವೇ ಆಯಿತು. ಆಮೇಲೆ ಏನೋ ಕಡಿಮೆ ಇದೆ ಅನ್ನಿಸಿತು. ಆಮೇಲೆ ಕೊಬ್ಬರಿ ಎಣ್ಣೆಯ ವಾಸನೆ ಬಂತು.

"ಅತ್ತೆ, ಇದರಲ್ಲಿ ಒಂದು ಚೀಟಿ ಇತ್ತು" ಎಂದೆ.

"ಇತ್ತು ಕಣೆ. ಎಷ್ಟು ವರ್ಷದ್ದೋ ಏನೋ, ಎರಡು ಸಲ ಎಣ್ಣೆ ಹಚ್ಚಬೇಕಾಯ್ತು. ಆಯಮ್ಮ ಅಷ್ಟು ಚೊಕ್ಕಟದೋರು, ಇದೊಂದನ್ನ ಹೆಂಗೆ ಬಿಟ್ಟಿದ್ರೋ."

ಚೀಟಿ ಎಲ್ಲಿ ಎಂದು ಕೇಳಿದೆ. ಸಿಂಕಿನ ಕಡೆ ತೋರಿಸಿದರು. ನಾನು ಫೋನು ತೆಗೆದು ಚಿತ್ರಗಳನ್ನು ಹುಡುಕಿದೆ. ಹೂದಾನಿ ಕಿಟಕಿಯ ಬೆಳಕಿನಲ್ಲಿ, ಹೂದಾನಿ ಟ್ಯೂಲಿಪ್ ಹೂವಿನೊಂದಿಗೆ, ಹೂದಾನಿಯ ಪಕ್ಕದಲ್ಲಿ ನಾನು. ಎಲ್ಲದರಲ್ಲೂ ಚೀಟಿಯ ಭಾಗವನ್ನು ಗೋಡೆಯ ಕಡೆ ತಿರುಗಿಸಿದ್ದೆ, ಚಿತ್ರ ಕೆಡುತ್ತದೆಂದು.

ವಿಷಯ ತಿಳಿದ ಮೇಲೆ ಅತ್ತೆ ಸಿಂಕಿನ ಜಾಲರಿ ಎತ್ತಿ ಒಳಗೆ ಇಣುಕಿದರು. ಗಣಿತದ ಮೇಡಂ ತಪ್ಪು ಉತ್ತರ ಬರೆದ ಹಾಗೆ ಅವರ ಮುಖವಿತ್ತು. ಶ್ರೀಧರ ಅಂತರ್ಜಾಲದಲ್ಲಿ ಅಂಥದೇ ಚೀಟಿ ಸಿಗಬಹುದು, ತರಿಸಿ ಅಂಟಿಸೋಣ ಎಂದ. ಅತ್ತೆ ಮಗನನ್ನು ನೋಡಿದ ರೀತಿಯಲ್ಲೇ ಆ ಸಲಹೆ ಮುಗಿಯಿತು. ನಾನು ಶನಿವಾರದವರೆಗೆ ಕಾಯೋಣ, ಮಾತಿಗೆ ಒಳ್ಳೆಯ ಡಚ್ ಪದಗಳನ್ನು ಹುಡುಕಿಕೊಳ್ಳುತ್ತೇನೆ ಎಂದೆ. ಅಷ್ಟರಲ್ಲಿ ಅತ್ತೆ ಸೀರೆಯ ಸೆರಗು ಸರಿಮಾಡಿಕೊಂಡು, ಒಂದು ಡಬ್ಬಿ ಕೋಡುಬಳೆ ಹಿಡಿದು, ಹೂದಾನಿಯನ್ನು ಎದೆಗವಚಿಕೊಂಡು ಹೊರಟೇಬಿಟ್ಟಿದ್ದರು. ನಾನು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹಿಂದೆ ಓಡಿದೆ.

ಅತ್ತೆ ಶಾಲೆಯ ಇಂಗ್ಲಿಷಿನಲ್ಲಿ, ಪ್ರಮೇಯ ಬಿಡಿಸುವ ಹಾಗೆ ಹೇಳಿದರು. ಚೀಟಿ ಇತ್ತು, ನಾನು ಕಿತ್ತೆ, ಈಗ ಇಲ್ಲ, ತಪ್ಪು ನನ್ನದು, ಸೊಸೆಯದಲ್ಲ. ಟ್ರೂಸಮ್ಮ ಹೂದಾನಿಯನ್ನು ತೆಗೆದುಕೊಂಡು, ಚೀಟಿ ಇದ್ದ ಜಾಗವನ್ನು ಬೆರಳಿನಿಂದ ಸವರಿದರು. ಮತ್ತೆ ಸವರಿದರು. ಅವರ ಕಣ್ಣು ಒದ್ದೆಯಾಯಿತೆಂದು ನನಗೆ ಅನ್ನಿಸಿತು. ಆಮೇಲೆ ಅವರು ಒಂದು ಕೋಡುಬಳೆ ಮುರಿದು ಬಾಯಿಗೆ ಹಾಕಿಕೊಂಡು, ಅಗಿದು ಮುಗಿಸಿ, ನನ್ನ ಕಡೆ ತಿರುಗಿದರು.

"ಚೀಟಿ ಹೋಯಿತು. ಈಗ ನನಗೆ ಉಳಿದಿರುವ ಸಾಕ್ಷಿ ನೀನೊಬ್ಬಳೇ" ಎಂದರು. "ರೀಟ್ ಮನೆಗೆ ಬರಬೇಕು. ಎಲ್ಲರ ಮುಂದೆ ಹೇಳಬೇಕು."

ಏನು ಹೇಳಬೇಕು ಎಂದು ಅವರು ಬಿಡಿಸಿ ಹೇಳಲಿಲ್ಲ. ಕೇಳುವ ಮುಖ ನನಗಿರಲಿಲ್ಲ.

ಹೀಗೆ ಒಂದು ಭಾನುವಾರ ನಾವು ಮೂವರು ಹೆಂಗಸರು ಗ್ರೋನಿಂಗನ್ನಿಗೆ ಹೊರಟೆವು. ಹೂದಾನಿಯನ್ನು ಅತ್ತೆಯವರ ಹಳೆಯ ನೂಲಿನ ಸೀರೆಯಲ್ಲಿ ಸುತ್ತಿ ನನ್ನ ತೊಡೆಯ ಮೇಲಿಟ್ಟಿದ್ದರು. ಟಿಕೆಟ್ ನೋಡಲು ಬಂದವರು ಅದನ್ನು ಕಂಡು ದನಿ ತಗ್ಗಿಸಿ, ಎಷ್ಟು ತಿಂಗಳು ಎಂದು ಕೇಳಿದರು. ನಾನು ಯೋಚನೆಯಲ್ಲಿದ್ದವಳು, ಅರವತ್ತು ವರ್ಷದ ಮೇಲಾಗಿರಬೇಕು, ಇನ್ನೂ ಖಚಿತವಿಲ್ಲ ಎಂದೆ. ಅವರು ಟಿಕೆಟ್ ನೋಡದೆಯೇ ಮುಂದೆ ಹೋದರು. ದಾರಿಯುದ್ದಕ್ಕೂ ಟ್ರೂಸಮ್ಮ ಅಪ್ಪನ ವಿಷಯ ಹೇಳುತ್ತಿದ್ದರು. ಅಪ್ಪ ಹಡಗಿನಿಂದ ಬಂದಾಗ ಕೋಟಿನ ತುಂಬ ಈರುಳ್ಳಿಯ ವಾಸನೆ ಇರುತ್ತಿತ್ತಂತೆ. ಅಕ್ಕತಂಗಿಯರು ಅದನ್ನು ಮೂಸಲು ಜಗಳವಾಡುತ್ತಿದ್ದರಂತೆ. ಜಗಳ ಹೂದಾನಿಯದಲ್ಲ, ಅದಕ್ಕಿಂತ ಬಹಳ ಹಳೆಯದು ಎಂದು ನನಗೆ ಆಗ ಹೊಳೆಯಿತು. ಅಪ್ಪ ಯಾರಿಗೆ ನಿಜವಾದದ್ದನ್ನು ಕೊಟ್ಟ ಎನ್ನುವುದಕ್ಕೆ ಉತ್ತರ ಹೇಳುವವಳು ಮೇಣದಬತ್ತಿಯ ಡಬ್ಬಿಯನ್ನು ಡೆನ್ಮಾರ್ಕಿಗೆ ಸೇರಿಸಿದ ನಾನು.

ಇಲ್ಲಿಯ ಹುಟ್ಟುಹಬ್ಬ ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ. ಕುರ್ಚಿಗಳನ್ನು ದುಂಡಗೆ ಹಾಕಿರುತ್ತಾರೆ. ಬಂದವರು ಒಬ್ಬೊಬ್ಬರ ಕೈ ಕುಲುಕಿ, ಹುಟ್ಟಿದವರಿಗೂ ಅವರ ನೆಂಟರಿಗೂ ನೆರೆಯವರಿಗೂ ಶುಭಾಶಯ ಹೇಳಬೇಕು. ಅತ್ತೆ ಎರಡೇ ನಿಮಿಷದಲ್ಲಿ ಆ ಪದ ಕಲಿತು, ಸುತ್ತು ಪೂರ್ತಿ ಮುಗಿಸಿ, ನನ್ನ ಪಕ್ಕ ಕೂತು, ಹುಟ್ಟಿದವರು ಒಬ್ಬರು, ಹೆತ್ತಷ್ಟು ಸುಸ್ತು ಎಲ್ಲರಿಗೂ ಎಂದರು. ಎಲ್ಲರ ತೊಡೆಯ ಮೇಲೂ ಒಂದೊಂದು ತಟ್ಟೆ, ತಟ್ಟೆಯಲ್ಲಿ ಒಂದೊಂದೇ ತುಂಡು ಕೇಕು. ಒಬ್ಬರಿಗೆ ಒಂದೇ ಎನ್ನುವುದು ಇಲ್ಲಿಯ ನಿಯಮ.

ರೀಟಮ್ಮ ತಂಗಿಯ ಹಾಗೆಯೇ ನೆಟ್ಟಗೆ, ಆದರೆ ಒಂದು ಬೆರಳು ಎತ್ತರ. ಸೀರೆ ಬಿಚ್ಚಿ ಹೂದಾನಿಯನ್ನು ಮೇಜಿನ ಮೇಲಿಟ್ಟ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ, ಚೀಟಿ ಎಲ್ಲಿ. ಟ್ರೂಸಮ್ಮ ಕಣ್ಣು ಮಿಟುಕಿಸದೆ, ವೈಜ್ಞಾನಿಕ ಪರೀಕ್ಷೆಗೆಂದು ತಜ್ಞರೇ ತೆಗೆಸಿದರು ಎಂದರು. ಸುತ್ತಲಿದ್ದ ಮುಖಗಳೆಲ್ಲ ನನ್ನ ಕಡೆ ತಿರುಗಿದವು. ನಾನು ಕೇಕು ನುಂಗಿದೆ.

ರೀಟಮ್ಮ ತಮ್ಮ ಹೂದಾನಿಯನ್ನು ಕಿಟಕಿಯಿಂದ ತಂದು ಪಕ್ಕದಲ್ಲಿಟ್ಟರು. ಅವಳಿಜವಳಿ. ಅದೇ ಹೊಗೆನೀಲಿ, ಅದೇ ಎತ್ತರ. ನಾನು ಮೊದಲು ಟ್ರೂಸಮ್ಮನದನ್ನು ತಿರುಗಿಸಿದೆ. ತಳ ಸಪಾಟು, ಹೊಕ್ಕುಳಿಲ್ಲ. ಬೆಳಕಿಗೆ ಹಿಡಿದರೆ ಪಕ್ಕೆಯಲ್ಲಿ ಕೂದಲಿನಷ್ಟು ಸಣ್ಣ ಗೆರೆ. ರೀಟಮ್ಮನದನ್ನು ತಿರುಗಿಸಿದೆ. ನಡುವೆ ನಾಣ್ಯದಷ್ಟಗಲ ಸಾಣೆ ಹಿಡಿದ ಕುಳಿ, ಕನ್ನಡಿಯಷ್ಟು ನುಣುಪು.

ನನಗೆ ಎರಡು ಸಂಗತಿ ಒಟ್ಟಿಗೇ ಗೊತ್ತಾದವು. ನಿಜವಾದದ್ದು ರೀಟಮ್ಮನದು. ಮತ್ತು ರೀಟಮ್ಮ ಅಷ್ಟು ವರ್ಷ ಛೇಡಿಸುತ್ತಾ ಹೇಳಿದ ಮಾತು ಸತ್ಯ: ಅಪ್ಪ ನಿಜವಾದದ್ದರ ಚೀಟಿಯನ್ನು ಎಬ್ಬಿಸಿ ಸುಳ್ಳಿನದಕ್ಕೆ ಅಂಟಿಸಿದ್ದ. ಹಡಗಿನ ಅಡುಗೆಯವನು ಇಬ್ಬರು ಮಕ್ಕಳಿಗೆ ಸಮಪಾಲು ಮಾಡಿದ್ದ. ಒಬ್ಬಳಿಗೆ ಗಾಜು, ಒಬ್ಬಳಿಗೆ ಚೀಟಿ. ಟ್ರೂಸಮ್ಮನ ಪಾಲಿಗೆ ಬಂದದ್ದನ್ನು ನಮ್ಮ ಅತ್ತೆ ಸಿಂಕಿನಲ್ಲಿ ಬಿಟ್ಟಿದ್ದರು.

ಟ್ರೂಸಮ್ಮ ನನ್ನನ್ನೇ ನೋಡುತ್ತಿದ್ದರು. ಏನು ಮಾಡುತ್ತೀರಿ ಹೇಳಿ. ನಾನು ಕಾಲ ತಳ್ಳಲು ನೋಡಿದೆ. ಬೆಳಕು ಸಾಲದು ಎಂದೆ. ಯಾರೋ ದೀಪ ಹಾಕಿದರು. ಸ್ವಲ್ಪ ಧೂಳಿದೆ, ಧೂಳಿದ್ದರೆ ನಿಖರವಾಗಿ ಹೇಳಲಾಗದು ಎಂದು ಡಚ್‌ನಲ್ಲೂ, ಅಭ್ಯಾಸಬಲದಿಂದ ಕನ್ನಡದಲ್ಲೂ ಹೇಳಿದೆ. ಕನ್ನಡದಲ್ಲಿ ಹೇಳಿದ್ದೇ ತಪ್ಪಾಯಿತು. ಧೂಳು ಎಂಬ ಪದ ಕಿವಿಗೆ ಬಿದ್ದ ಕೂಡಲೇ ಅತ್ತೆ ಎದ್ದು, ಎರಡನ್ನೂ ಎರಡು ಕಂಕುಳಲ್ಲಿ ಇರುಕಿಕೊಂಡು ಅಡುಗೆಮನೆಗೆ ಹೋದರು. ಯಾರಿಗೂ ತಡೆಯಲು ಧೈರ್ಯ ಬರಲಿಲ್ಲ. ಒಳಗೆ ನಲ್ಲಿ ಸುರಿಯುವ ಸದ್ದನ್ನು ಕೋಣೆಯವರೆಲ್ಲ ಕೂತು ಕೇಳಿದೆವು.

ಅತ್ತೆ ಎರಡನ್ನೂ ಒರೆಸಿ ತಂದು ಮೇಜಿನ ಮೇಲಿಟ್ಟು, ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಯಾವುದು ಯಾರದು ಅತ್ತೆ?" ಎಂದೆ ಮೆಲ್ಲಗೆ.

ಅತ್ತೆ ಒಂದು ಕ್ಷಣ ಎರಡನ್ನೂ ನೋಡಿದರು. "ಅಯ್ಯೋ, ಅದನ್ನ ನಾನು ನೋಡ್ಲಿಲ್ವಲ್ಲೇ" ಎಂದರು.

ಆದರೆ ಅಕ್ಕತಂಗಿಯರಿಗೆ ಯಾವ ಅನುಮಾನವೂ ಇರಲಿಲ್ಲ. ನಾನು ಮುಂದಿನ ಮಾತು ಆಡುವ ಮೊದಲೇ ಟ್ರೂಸಮ್ಮ ಕೈಚಾಚಿ ಒಂದನ್ನು ತೆಗೆದು ಎದೆಗೆ ಒತ್ತಿಕೊಂಡರು. ರೀಟಮ್ಮ ಇನ್ನೊಂದನ್ನು ತೆಗೆದುಕೊಂಡರು. ಟ್ರೂಸಮ್ಮನ ತೋಳಿನಲ್ಲಿದ್ದ ಹೂದಾನಿಯ ಬುಡ ನೇರ ನನ್ನ ಕಡೆಗಿತ್ತು. ಅದರ ನಡುವೆ ನಾಣ್ಯದಷ್ಟಗಲದ ನುಣುಪು ಕುಳಿ ದೀಪಕ್ಕೆ ಹೊಳೆಯಿತು.

ಸುಮ್ಮನಿರಬಹುದಾಗಿತ್ತು. ಟ್ರೂಸಮ್ಮನ ಋಣವೂ ತೀರುತ್ತಿತ್ತು, ಅವರ ಕೈಯಲ್ಲಿರುವುದೇ ಅಸಲಿ ಎಂದರೆ ಸುಳ್ಳೂ ಆಗುತ್ತಿರಲಿಲ್ಲ. ಆದರೆ ನನ್ನ ಹೊಟ್ಟೆಪಾಡಿನ ಕೆಲಸವೇ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕಿ ವರದಿ ಮಾಡುವುದು. ಜೊತೆಗೆ ರೀಟಮ್ಮನಿಗೆ ಅಂದು ಎಂಬತ್ತು ತುಂಬಿತ್ತು, ಅವರ ಮನೆಯ ಕೇಕು ನನ್ನ ಹೊಟ್ಟೆಯಲ್ಲಿತ್ತು. ಕ್ಷಮಿಸಿ, ಅದಲುಬದಲಾಗಿದೆ, ನೀವು ಒಬ್ಬರದನ್ನು ಒಬ್ಬರು ತೆಗೆದುಕೊಂಡಿದ್ದೀರಿ ಎಂದುಬಿಟ್ಟೆ.

ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು. ಐವತ್ತು ವರ್ಷಕ್ಕೂ ಮೇಲೆ ಧೂಳು ಒರೆಸಿದ್ದೇನೆ, ನನ್ನ ಹೂದಾನಿ ನನಗೆ ಗೊತ್ತಿಲ್ಲವೆ ಎಂದರು ಟ್ರೂಸಮ್ಮ. ಕಣ್ಣು ಮುಚ್ಚಿಕೊಂಡು ಮುಟ್ಟಿದರೂ ಹೇಳುತ್ತೇನೆ, ಇದು ನನ್ನದು ಎಂದರು ರೀಟಮ್ಮ. ಅವಳು ಸರಿಯಾಗಿಯೇ ಹೇಳುತ್ತಿದ್ದಾಳೆ ಎಂದು ಟ್ರೂಸಮ್ಮ ಅಕ್ಕನ ಪರ ನಿಂತರು. ಸುತ್ತ ಕೂತಿದ್ದವರ ಮುಖ ನೋಡಿದರೆ, ಆ ಮನೆಯಲ್ಲಿ ಅಂಥದ್ದು ಹಿಂದೆ ನಡೆದಿರಲಿಲ್ಲ ಅನ್ನಿಸಿತು.

ನಾನು ಬಿಡಲಿಲ್ಲ. ಬುಡದ ಹೊಕ್ಕುಳ, ಪಕ್ಕೆಯ ಗೆರೆ, ಎಲ್ಲ ವಿವರಿಸಿದೆ. ಹೊಕ್ಕುಳಕ್ಕೆ ಡಚ್ ಪದ ಸಿಗದೆ ನನ್ನ ಹೊಟ್ಟೆಯನ್ನೇ ತೋರಿಸಿದೆ. ರೀಟಮ್ಮ ಕೊನೆಗೆ ತಾಳ್ಮೆಯಿಂದ ಕೇಳಿದರು:

"ಹಾಗಾದರೆ ನಿಜವಾದದ್ದು ಯಾವುದು?"

"ಟ್ರೂಸ್ ಕೈಯಲ್ಲಿರುವ ನಿಮ್ಮದು" ಎಂದೆ.

ಕೋಣೆಯಲ್ಲಿ ಯಾರೋ ಕೆಮ್ಮಿದರು. ರೀಟಮ್ಮ ತಂಗಿಯನ್ನು ನೋಡಿದರು, ತಂಗಿ ಅಕ್ಕನನ್ನು ನೋಡಿದರು. "ಯಾವುದು ಯಾರದು ಎಂದೇ ಗುರುತು ಹಿಡಿಯಲಾರದವಳು, ಯಾವುದು ನಿಜವೆಂದು ಹೇಗೆ ಹೇಳುತ್ತಾಳೆ?" ಎಂದು ರೀಟಮ್ಮ ಸಭೆಯನ್ನು ಕೇಳಿದರು. ಸಭೆ ತಲೆಯಾಡಿಸಿತು. ನನಗೇ ಆ ತರ್ಕ ಸರಿಯೆನ್ನಿಸಿತು. ಅಲ್ಲಿಗೆ ನನ್ನ ಪಾಂಡಿತ್ಯ ಮುಗಿಯಿತು. ರೀಟಮ್ಮ ನಿಯಮ ಮುರಿದು ನನಗೆ ಎರಡನೆಯ ತುಂಡು ಕೇಕು ಕೊಟ್ಟರು, ಕಾಯಿಲೆಯವರಿಗೆ ಕೊಡುವ ಹಾಗೆ.

ಉಳಿದ ಹೊತ್ತೆಲ್ಲ ಅಕ್ಕತಂಗಿಯರು ಒಂದೇ ಸೋಫಾದ ಮೇಲೆ ಕೂತು, ತೊಡೆಯ ಮೇಲೆ ಒಂದೊಂದು ಹೂದಾನಿ ಇಟ್ಟುಕೊಂಡು, ಅತ್ತೆ ಕಟ್ಟಿಕೊಂಡು ಬಂದಿದ್ದ ಕೋಡುಬಳೆ ತಿನ್ನುತ್ತಾ ಅಪ್ಪನ ವಿಷಯ ಮಾತಾಡಿದರು. ಈರುಳ್ಳಿಯ ಕೋಟಿನ ಮಾತು ಬಂತು. ಇಬ್ಬರೂ ನಕ್ಕರು. ನನ್ನ ವಿಷಯವೂ ಬಂತೆಂದು ಕಾಣುತ್ತದೆ, ನನ್ನ ಕಡೆ ನೋಡಿ ಮತ್ತೂ ನಕ್ಕರು.

ವಾಪಸು ರೈಲಿನಲ್ಲಿ ಟ್ರೂಸಮ್ಮ ಹೂದಾನಿಯನ್ನು ನನಗೆ ಕೊಡಲಿಲ್ಲ. ತಮ್ಮ ತೊಡೆಯ ಮೇಲೇ ಇಟ್ಟುಕೊಂಡು, ಸೀರೆ ಸ್ವಲ್ಪ ಸರಿಸಿ, ಇಳಿಬಿಸಿಲಿಗೆ ಹಿಡಿದರು. ನೀಲಿ ಅವರ ಕೆನ್ನೆಯ ಮೇಲೆ ಬಿತ್ತು. ಅವರು ನನ್ನ ಕೈ ತಟ್ಟಿ, ಬೇಜಾರು ಮಾಡಿಕೊಳ್ಳಬೇಡ, ಇನ್ನೂ ಕಲಿಯುತ್ತಿದ್ದೀಯ ಎಂದರು. ಆಮೇಲೆ, "ನೋಡು, ಚೀಟಿ ಬೇಕಾಗಿಯೇ ಇರಲಿಲ್ಲ. ಬೆಳಕು ಹೇಗೆ ಒಳಗೆ ಹೋಗಿ ನಿಲ್ಲುತ್ತದೆ. ರೀಟ್‌ದು ಮೊದಲಿನಿಂದಲೂ ಸ್ವಲ್ಪ ಮಂಕು, ಪಾಪ" ಎಂದರು.

ಅತ್ತೆ ಏನಂತೆ ಎಂದು ಕೇಳಿದರು. ನಾನು ಕನ್ನಡದಲ್ಲಿ ಎಲ್ಲ ಹೇಳಿದೆ, ಯಾವುದು ಅಸಲಿ, ಯಾರದು ಯಾರ ಕೈ ಸೇರಿದೆ, ಅಪ್ಪ ಮಾಡಿದ ಪಾಲು, ಟ್ರೂಸಮ್ಮ ಈಗಷ್ಟೇ ಅಂದ ಮಾತು, ಎಲ್ಲವನ್ನೂ. ಅತ್ತೆ ಕೇಳಿಸಿಕೊಂಡು, ಟ್ರೂಸಮ್ಮನ ತೊಡೆಯ ಮೇಲಿನ ಗಾಜನ್ನು ಬಹಳ ಹೊತ್ತು ನೋಡಿದರು.

"ಇರ್ಲಿ ಬಿಡು" ಎಂದರು. "ರೀಟಮ್ಮಂದು ಮಂಕಾಗಿದೆ ಅಂತ ಯಾಕಂದ್ರು ಅನ್ನೋದೇ ನಂಗೆ ಅರ್ಥವಾಗ್ಲಿಲ್ಲ. ಎರಡನ್ನೂ ಒಂದೇ ಥರ ತೊಳೆದಿದ್ದೆ ಕಣೆ."